ಮುಂಬೈಯಿಂದ ಒಂದೇ ದಿನದಲ್ಲಿ ಅಲಿಬಾಗ್ ಕೋಟೆ, ಜಂಜೀರಾ ಎರಡನ್ನೂ ನೋಡಬಹುದೇ?

ಬೇಡ. ಅಲಿಬಾಗ್‌ನಿಂದ ಜಂಜೀರಾ ಕೋಟೆಯಿರುವ ಮುರುಡ್ ಇನ್ನೂ ಸುಮಾರು 50 ಕಿ.ಮೀ. ಇದೆ. ಎರಡೂ ಬೇಕೆಂದರೆ ಒಂದು ರಾತ್ರಿ ಉಳಿಯಿರಿ.

ಮಾಟುಂಗಾ, ಡೊಂಬಿವಿಲಿ ಕಡೆಯವರು ಬೆಳಗಿನ ಲೋಕಲ್ ಹಿಡಿದು ಗೇಟ್‌ವೇ ಆಫ್ ಇಂಡಿಯಾ ತಲುಪಿದರೆ, ಅಲ್ಲಿಂದ ಮಾಂಡ್ವಾಕ್ಕೆ ದೋಣಿಯಲ್ಲಿ ಸುಮಾರು ಒಂದು ತಾಸು. ಮಾಂಡ್ವಾದಿಂದ ಅಲಿಬಾಗ್‌ವರೆಗಿನ ಬಸ್ಸು ಹೆಚ್ಚಿನ ಕಂಪನಿಗಳ ಟಿಕೆಟ್‌ನಲ್ಲೇ ಸೇರಿರುತ್ತದೆ, ಟಿಕೆಟ್ ಎಸೆಯಬೇಡಿ. ಮಳೆಗಾಲದಲ್ಲಿ ಈ ದೋಣಿಗಳಿಲ್ಲ.

ನಿಮ್ಮ ದಿನವನ್ನು ನಿರ್ಧರಿಸುವುದು ಸಮುದ್ರದ ಇಳಿತ. ಅಲಿಬಾಗ್ ಕೋಟೆಗೆ, ಅಂದರೆ ಸಮುದ್ರದೊಳಗಿನ ಕೊಲಾಬಾ ಕೋಟೆಗೆ, ನಡೆದು ಹೋಗಲು ಆಗುವುದು ನೀರು ಸರಿದಾಗ ಮಾತ್ರ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು ಬಹಳ ಇಳಿಯುತ್ತದೆ, ಆದರೆ ಇಳಿತ ಬೆಳಗ್ಗೆ–ಸಂಜೆ ಆರರ ಆಸುಪಾಸು. ಮಧ್ಯಾಹ್ನ ತುಂಬು ಉಬ್ಬರ. ಅಷ್ಟಮಿ ಸುಮಾರಿಗೆ ಇಳಿತ ಮಧ್ಯಾಹ್ನಕ್ಕೆ ಬರುತ್ತದೆ, ಆದರೆ ನೀರು ಅಷ್ಟಾಗಿ ಇಳಿಯುವುದಿಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಕಳೆದ ವಾರದ ಸಮಯ ಈ ವಾರಕ್ಕೆ ಸಲ್ಲದು. ಇಳಿತಕ್ಕೆ ಒಂದು ತಾಸು ಮೊದಲೇ ಹೊರಡಿ, ನೀರು ತಿರುಗುತ್ತಿದ್ದಂತೆ ವಾಪಸಾಗಿ. ಒಳಗೇ ಕೂತು ತಡ ಮಾಡಿದವರೇ ಸಿಕ್ಕಿಬೀಳುವುದು. ಮೊಣಕಾಲಿನ ನೀರು ಸೊಂಟಕ್ಕೇರಲು ಹೆಚ್ಚು ಹೊತ್ತು ಬೇಡ, ಸೆಳೆತವೂ ಇರುತ್ತದೆ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿ.

ಕೋಟೆಯೊಳಗೆ 1759ರಲ್ಲಿ ಮರಾಠ ನೌಕಾ ಸರದಾರ ರಾಘೋಜಿ ಆಂಗ್ರೆ ಕಟ್ಟಿಸಿದ ಸಿದ್ಧಿವಿನಾಯಕ ಗುಡಿ, ಸುತ್ತ ಸಮುದ್ರವಿದ್ದರೂ ಸಿಹಿನೀರಿನ ಬಾವಿ, ಉತ್ತರದ ಗೋಡೆ ಬಳಿ ಗಾಲಿಯ ಮೇಲೆ ನಿಂತ ಇಂಗ್ಲಿಷ್ ಫಿರಂಗಿಗಳು. ಈ ಫಿರಂಗಿಗಳನ್ನು ಖಂಡಿತ ನೋಡಿ.

ಸಮಯ ಉಳಿದರೆ ರೇವದಂಡಾದ ಪೋರ್ಚುಗೀಸ್ ಕೋಟೆಗೆ ಹೋಗಿ, ಜಂಜೀರಾ ಇನ್ನೊಮ್ಮೆ ಆದೀತು.