ಹಸಿರು ಹೊಳಪೆಲ್ಲ ಪೆರಾಕ್ಸೈಡ್ ಅಲ್ಲ

ಪ್ರಶ್ನೆ: ರಾಗಿ ಸಸಿಯ ಬೇರಿಗೆ ಉಪ್ಪುನೀರು ಕೊಟ್ಟು, ಉತ್ಕರ್ಷಣಗೊಂಡಾಗ ಹಸಿರಾಗಿ ಹೊಳೆಯುವ ಡಿಸಿಎಫ್ ಬಣ್ಣ ಹಾಕಿದಾಗ ಹಸಿರು ಹೊಳಪು ಎರಡು ಪಟ್ಟಾಯಿತು. ಜೀವಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಎರಡು ಪಟ್ಟಾಯಿತೆಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ: ದಯವಿಟ್ಟು ಬರೆಯಬೇಡಿ. ಬೆಳೆಯ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸಲ ಬಿಡಿಸಿ ಹೇಳುತ್ತೇನೆ. ಪೆರಾಕ್ಸಿಡೇಸ್ ಕಿಣ್ವವೋ ಕಬ್ಬಿಣದ ಅಯಾನೋ ನಡುವೆ ಬಾರದಿದ್ದರೆ ಡಿಸಿಎಫ್ ಬಣ್ಣವು ಪೆರಾಕ್ಸೈಡಿನೊಡನೆ ಬಹುಮಟ್ಟಿಗೆ ವರ್ತಿಸುವುದೇ ಇಲ್ಲ. ಬೇರೆ ಉತ್ಕರ್ಷಕಗಳಿಗೂ (ಎಲೆಕ್ಟ್ರಾನ್ ಕಸಿಯುವ ವಸ್ತುಗಳಿಗೂ) ಅದು ಹೊಳೆಯುತ್ತದೆ, ಒಮ್ಮೆ ಹೊಳೆದ ಮೇಲೆ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಉಪ್ಪು ತಾಗದ ಬೇರಿಗೂ ಅದೇ ಬಣ್ಣ ಹಾಕಿ, 488 ನ್ಯಾನೋಮೀಟರ್ ಲೇಸರಿನಿಂದ ಒಂದೇ ಜಾಗವನ್ನು 20 ಸಲ ಚಿತ್ರಿಸಿ ನೋಡಿ. ಬೇರಿನ ತುದಿ ಚಿತ್ರದಿಂದ ಚಿತ್ರಕ್ಕೆ ಬೆಳಗುತ್ತಾ ಹೋದರೆ, ಬೆಳಗಿಸಿದ್ದು ನಿಮ್ಮ ಲೇಸರೇ.

ಜೀವಂತ ಕೋಶದಲ್ಲಿ ಏರಿಳಿತ ನೋಡಬೇಕಿದ್ದರೆ ಗಿಡವೇ ತಯಾರಿಸಿಕೊಳ್ಳುವ ಪ್ರೋಟೀನ್ ಸೆನ್ಸರ್ ಬೇಕು. ಪೆರಾಕ್ಸೈಡನ್ನು ಗ್ರಹಿಸುವ, ಇ. ಕೋಲೈ ಬ್ಯಾಕ್ಟೀರಿಯಾದ ಆಕ್ಸಿಆರ್ ಪ್ರೋಟೀನಿನೊಳಗೆ ಹಳದಿ ಪ್ರತಿದೀಪಕ ಪ್ರೋಟೀನನ್ನು ಸೇರಿಸಿ ರೂಪಿಸಿದ ಹೈಪರ್ ಎಂಬ ಸೆನ್ಸರ್ 2006ರಲ್ಲಿ ಬಂತು. ಅದನ್ನು 420 ಮತ್ತು 500 ನ್ಯಾನೋಮೀಟರಿನ ಆಸುಪಾಸಿನ ಬೆಳಕಿನಿಂದ ಪ್ರಚೋದಿಸಿ ಎರಡು ಹೊಳಪುಗಳ ಅನುಪಾತ ತೆಗೆಯುವುದರಿಂದ, ಒಂದು ಕೋಶದಲ್ಲಿ ಸೆನ್ಸರ್ ಹೆಚ್ಚು, ಪಕ್ಕದ ಕೋಶದಲ್ಲಿ ಕಡಿಮೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಆದರೆ ಪಿಎಚ್ ಏರಿದರೂ ಹೈಪರಿನ ಅನುಪಾತ ಏರುತ್ತದೆ, ಉಪ್ಪು ಕೋಶದ ಪಿಎಚ್ ಅನ್ನು ಅಲುಗಾಡಿಸಬಲ್ಲದು. ಆದ್ದರಿಂದ ಪೆರಾಕ್ಸೈಡಿಗೆ ಸ್ಪಂದಿಸದಂತೆ ಸಿಸ್ಟೀನ್ ಎಂಬ ಒಂದು ಅಮೈನೋ ಆಮ್ಲ ಬದಲಿಸಿದ ಹೈಪರಿನದೇ ರೂಪವಾದ ಸೈಫರನ್ನು ಜೊತೆಗಿಟ್ಟು ಹೋಲಿಸದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ. ಹೊಸದಾಗಿ ಆರಂಭಿಸುವವರು 2020ರ ಹೈಪರ್7 ಅಥವಾ 405 ಮತ್ತು 488ರಲ್ಲಿ ಅಳೆಯುವ ಆರ್‌ಒಜಿಎಫ್‌ಪಿ2-ಆರ್ಪ್1 ಎಂಬ ಸೆನ್ಸರನ್ನು ಆರಿಸಿಕೊಳ್ಳುವುದು ಒಳ್ಳೆಯದು, ಇವೆರಡರ ಅನುಪಾತವನ್ನೂ ಪಿಎಚ್ ಅಷ್ಟಾಗಿ ಕೆಡಿಸುವುದಿಲ್ಲ. ಪ್ರಯೋಗದ ಕೊನೆಯಲ್ಲಿ ಉತ್ಕರ್ಷಣವನ್ನು ಹಿಂದಿರುಗಿಸುವ ಡಿಟಿಟಿ ರಾಸಾಯನಿಕ ಕೊಟ್ಟು ಕೆಳಮಿತಿಯನ್ನೂ ಪೆರಾಕ್ಸೈಡ್ ಕೊಟ್ಟು ಮೇಲ್ಮಿತಿಯನ್ನೂ ಗುರುತಿಸಿಕೊಳ್ಳಿ. ಇಷ್ಟಾದರೂ ಸಿಗುವುದು ಸೆನ್ಸರ್ ಎಷ್ಟು ಉತ್ಕರ್ಷಣಗೊಂಡಿದೆ ಎಂಬ ಮಟ್ಟವೇ. ಉತ್ಕರ್ಷಣಗೊಂಡ ಸೆನ್ಸರನ್ನು ಕೋಶವು ಒಂದೆಡೆಯಿಂದ ಹಿಂದಿನ ಸ್ಥಿತಿಗೆ ಮರಳಿಸುತ್ತಲೇ ಇರುವುದರಿಂದ ‘ಎರಡು ಪಟ್ಟು ಪೆರಾಕ್ಸೈಡ್’ ಎಂಬ ಮಾತಿಗೆ ಅಲ್ಲಿಯೂ ಆಧಾರವಿಲ್ಲ.

ಪ್ರಶ್ನೆ: ಪೆರಾಕ್ಸೈಡ್ ಇದ್ದಲ್ಲಿ ಕಂದಾಗುವ ಡಿಎಬಿ ಬಣ್ಣ ಹಾಕಿದ ಎಲೆಯ ಕಲೆ ಸಾಲದೇ?

ಉತ್ತರ: ಕಲೆ ಕಾಣಲು ಎಲೆಯ ಹಸಿರು ತೆಗೆಯಬೇಕು, ಅದಕ್ಕಾಗಿ ಆಲ್ಕೋಹಾಲಿನಲ್ಲಿ ಕುದಿಸಿದ ಎಲೆ ಜೀವಂತ ಕೋಶದ ಏರಿಳಿತ ತೋರಿಸಲಾರದು.

ಪ್ರಶ್ನೆ: ಔಷಧಿ ಮಾರುವವರು ನೇರಳಾತೀತ ಟಾರ್ಚ್ ಹಿಡಿದು, ಕೆಂಪಾಗಿ ಹೊಳೆಯುವ ಎಲೆಯಲ್ಲಿ ‘ಪೆರಾಕ್ಸೈಡ್ ವಿಷ’ ಇದೆ ಎನ್ನುತ್ತಾರೆ. ನಿಜವೇ?

ಉತ್ತರ: ಶುದ್ಧ ಸುಳ್ಳು. ಆ ಕೆಂಪು ಪತ್ರಹರಿತ್ತಿನದು, ಆರೋಗ್ಯವಾಗಿರುವ ಎಲೆಯೂ ಹಾಗೆಯೇ ಹೊಳೆಯುತ್ತದೆ. ಅವರಿಗೆ ಹಣ ಕೊಡಬೇಡಿ.