ಖಾಲಿ ಕ್ಲಾಸಿಗೆ ಗಾಳಿ ಯಾಕೆ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರೂ ಇಲ್ಲದ ಕ್ಲಾಸಿನಲ್ಲೂ ಫ್ಯಾನು ತಿರುಗುತ್ತಲೇ ಇರುತ್ತವೆ. ಚಾವಣಿ ಮೇಲೆ ಸೋಲಾರ್ ಹಾಕಿಸಿ ಅಂತ ಕುಲಸಚಿವರಿಗೆ ಅರ್ಜಿ ಕೊಡೋಣವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಕೊಡಿ, ಆದರೆ ಮೊದಲು ತೂತು ಮುಚ್ಚಿ, ಆಮೇಲೆ ಕೊಡ ತುಂಬಿಸಿ. ಹಳೇ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನ ಫ್ಯಾನಿಗೆ 30 ಸಾಕು. ನೂರು ಫ್ಯಾನು ದಿನಕ್ಕೆ 6 ಗಂಟೆ ತಿರುಗಿದರೆ 27 ಯೂನಿಟ್ ಉಳಿಯಿತು, ಲೆಕ್ಕ ಹಾಕಿ ನೋಡಿ. ಗೋಡೆ ಮೇಲಿನ ಆ ದಪ್ಪ ಡಬ್ಬಿಯಂಥ ಹಳೇ ರೆಗ್ಯುಲೇಟರ್ ಇದೆಯಲ್ವಾ, ಅದರಲ್ಲಿ ಸ್ಪೀಡ್ ಕಮ್ಮಿ ಮಾಡಿದರೂ ಕರೆಂಟು ಅಷ್ಟೇನೂ ಉಳಿಯುವುದಿಲ್ಲ, ಸುಮ್ನೆ ಡಬ್ಬಿ ಬಿಸಿಯಾಗುತ್ತದೆ. ಇನ್ನು ಸ್ವಿಚ್ ಬೋರ್ಡು. ಯಾವುದು ಯಾವ ಫ್ಯಾನಿಗೆ ಅಂತ ತಿಳಿಯದೆ ಎಲ್ಲರೂ ಎಲ್ಲವನ್ನೂ ಒತ್ತುತ್ತಾರೆ (ನಾನೂ ಒತ್ತಿದವನೇ), ಒಂದು ಮಾರ್ಕರ್ ಹಿಡಿದು ನಂಬರ್ ಬರೆದುಬಿಡಿ. ಹಾಸ್ಟೆಲ್ ಗೀಸರಿನ ಬದಲು ಸೋಲಾರ್ ವಾಟರ್ ಹೀಟರ್ ಕೇಳಿ. ಅರ್ಜಿ ಕೊಡುವ ಮುಂಚೆ ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಹೋಗಿ ರಾತ್ರಿ 11ಕ್ಕೂ ಬೆಳಗ್ಗೆ 5ಕ್ಕೂ ಮೀಟರ್ ಓದಿ ಬರೆದಿಟ್ಟುಕೊಳ್ಳಿ, ಎಲ್ಲರೂ ಮಲಗಿದ ಮೇಲೂ ಎಷ್ಟು ಓಡಿದೆ ಅನ್ನುವ ಆ ಅಂಕಿಯನ್ನೇ ಅರ್ಜಿಯ ಮೊದಲ ಸಾಲಿಗೆ ಹಾಕಿ.