ಎಕ್ಸಾರ್ಸಿಸ್ಟ್ ಹಾಕುವ ಮೊದಲು ಸ್ಪೀಕರ್ ವೈರ್ ನೋಡಿ

ನೀವು ಕೇಳಿದ್ದು ಇಷ್ಟು ಅಲ್ವಾ? ಭಾನುವಾರ ಸುರತ್ಕಲ್ ಮನೆಯ ಮಹಡಿಯಲ್ಲಿ ಪ್ರೊಜೆಕ್ಟರ್ ಇಟ್ಟು ಹತ್ತು ಜನರಿಗೆ ‘ದಿ ಎಕ್ಸಾರ್ಸಿಸ್ಟ್’, ಅದೇ ದೆವ್ವ ಹಿಡಿದ ಹುಡುಗಿಯ ಇಂಗ್ಲಿಷ್ ಸಿನಿಮಾ, ತೋರಿಸಬೇಕು ಅಂತಿದ್ದೀರಿ. ಅದನ್ನು ನೋಡಿ ಇಲ್ಲಿ ಒಬ್ಬರು ಮೂರು ದಿನ ನಿದ್ದೆ ಬರಲಿಲ್ಲ ಅಂದರು. ಇನ್ನೊಬ್ಬರು ಒಂದು ಗಂಟೆ ಎಂತದೂ ಆಗುವುದಿಲ್ಲ, ಬೋರು ಅಂದರು. ಮತ್ತೊಬ್ಬರು ನಕ್ಕು ಸಾಕಾಯ್ತು ಅಂದರು. ಯಾರನ್ನು ನಂಬುವುದು ಅಂತ ನಿಮ್ಮ ಪ್ರಶ್ನೆ.

ಮೂವರನ್ನೂ ನಂಬಿ. ನಾನು ಇದನ್ನು ಎರಡು ಸಲ ಮನೆಯಲ್ಲಿ ಹಾಕಿದ್ದೇನೆ, ಮೂರೂ ಥರದ ಜನ ನನ್ನ ಚಾಪೆಯ ಮೇಲೆಯೇ ಕೂತಿದ್ದರು. ಮೊದಲ ಸಲ ನಕ್ಕವರೇ ಜಾಸ್ತಿ. ತಪ್ಪು ಸಿನಿಮಾದ್ದಲ್ಲ, ನನ್ನದು.

ಆಗಿದ್ದು ಹೀಗೆ. ಜೂನ್ ತಿಂಗಳು, ಜೋರು ಮಳೆ. ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಸೊಳ್ಳೆ ಹಾಡಿದ ಹಾಗೆ ಕೇಳುತ್ತಿತ್ತು. ಸರಿ ಅಂತ ಬ್ಲೂಟೂತ್ ಸ್ಪೀಕರ್ ಜೋಡಿಸಿದೆ. ಶಬ್ದ ಜೋರಾಯಿತು, ಆದರೆ ಅರ್ಧ ಸೆಕೆಂಡ್ ತಡವಾಗಿ ಬರತೊಡಗಿತು. ಬಾಗಿಲು ಮುಚ್ಚಿ ಆಗಿದೆ, ಆಮೇಲೆ ಧಡ್ ಅಂತ ಸದ್ದು. ಪಾದ್ರಿಯ ಬಾಯಿ ಮುಚ್ಚಿದೆ, ಮಾತು ಇನ್ನೂ ಬರುತ್ತಾ ಉಂಟು. ಹುಡುಗಿಯ ಬಾಯಿಂದ ಆ ಗೊಗ್ಗರು ದನಿ ಹೊರಡುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗರು ಡಬ್ಬಿಂಗ್ ಕಾಮಿಡಿ ನೋಡಿದ ಹಾಗೆ ನಗುತ್ತಿದ್ದರು. ಒಬ್ಬ ನಕ್ಕರೆ ಮುಗಿಯಿತು, ಹತ್ತು ಜನರ ಕೋಣೆಯಲ್ಲಿ ಮತ್ತೆ ಹೆದರಿಕೆ ಹುಟ್ಟುವುದಿಲ್ಲ.

ಅದಕ್ಕೇ ಮೊದಲ ಮಾತು: ವೈರ್ ಹಾಕಿ. ಈ ಸಿನಿಮಾಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನ ಬಂದಿತ್ತು, ಗೆದ್ದದ್ದು ಎರಡು. ಒಂದು ಚಿತ್ರಕಥೆಗೆ, ಇನ್ನೊಂದು ಶಬ್ದಕ್ಕೆ. ಆ ಎರಡನೆಯದನ್ನು ಸುಮ್ನೆ ಕೊಟ್ಟದ್ದಲ್ಲ. ದೆವ್ವ ಕಾಣಿಸುವುದಕ್ಕೆ ಎಷ್ಟೋ ಮೊದಲೇ ಅಟ್ಟದ ಮೇಲೆ ಪರಪರ ಅನ್ನುವ ಸದ್ದು ಬರುತ್ತದೆ. ತಾಯಿ ಇಲಿ ಅಂದುಕೊಂಡು ಬೋನು ಇಡಲು ಹೇಳುತ್ತಾಳೆ. ನಮ್ಮ ಹಂಚಿನ ಮನೆಗಳಲ್ಲಿ ಬೆಳೆದವರಿಗೆ ಆ ಸದ್ದು ಬೇರೆಯೇ ಕೆಲಸ ಮಾಡುತ್ತದೆ. ಎರಡನೇ ಸಲ ಹಾಕಿದಾಗ ನನ್ನ ಚಿಕ್ಕಮ್ಮ ಪರದೆ ಬಿಟ್ಟು ಮೇಲೆ ಮನೆಯ ಮಾಡು (ಛಾವಣಿ) ನೋಡಿದರು, ನಿಜವಾಗಿಯೂ ಇಲಿ ಬಂತು ಅಂತ. ಹುಡುಗಿಯೊಳಗಿನ ದೆವ್ವದ ದನಿ ಆ ಪಾತ್ರ ಮಾಡಿದ ಲಿಂಡಾ ಬ್ಲೇರ್‌ದಲ್ಲ, ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಎಂಬ ಹಿರಿಯ ನಟಿಯದು. ಹಸಿ ಮೊಟ್ಟೆ ನುಂಗಿ, ಸಿಗರೇಟು ಸೇದಿ ಗಂಟಲು ಕೆಡಿಸಿಕೊಂಡು ಕೊಟ್ಟ ದನಿ. ಅದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ‘ಹೆದರಿಕೆ ಆಗಲಿಲ್ಲ’ ಅನ್ನುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ನಿಮ್ಮ ಮಹಡಿಗೆ ಶೀಟಿನ ಮಾಡು ಅಂದಿರಿ. ಮಳೆ ಬಂದರೆ ಆ ಸದ್ದಿಗೆ ಕತೆ ಮುಗಿಯಿತು. ಕೆಳಗಿನ ಹಾಲ್ ಖಾಲಿ ಮಾಡಿಕೊಳ್ಳುವುದು ಒಳ್ಳೆಯದು. ಇನ್ವರ್ಟರಿನಲ್ಲಿ ಪ್ರೊಜೆಕ್ಟರ್ ಎಷ್ಟು ಹೊತ್ತು ಓಡುತ್ತದೆ ಅಂತ ಶನಿವಾರವೇ ನೋಡಿ. ಮಧ್ಯೆ ಕರೆಂಟ್ ಹೋಗಿ ಎಲ್ಲರೂ ಚಹಾ ಕುಡಿಯಲು ಎದ್ದರೆ ಮತ್ತೆ ಕೂರಿಸುವುದು ಕಷ್ಟ.

ಈಗ ಬೋರು ಅಂದವರ ವಿಷಯ. ಅವರು ಹೇಳಿದ್ದು ಲೆಕ್ಕಕ್ಕೆ ಸರಿಯೇ. ಶುರುವಾಗುವುದು ಇರಾಕಿನ ಉತ್ಖನನದಲ್ಲಿ, ಬಿಸಿಲು, ಧೂಳು, ಮಾತು ಕಮ್ಮಿ. ಆಮೇಲೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್. ದೆವ್ವ ಬಿಡಿಸುವ ಭಾಗ ಬರುವುದು ಹೆಚ್ಚುಕಡಿಮೆ ಕೊನೆಯ ಅರ್ಧ ಗಂಟೆಯಲ್ಲಿ. ಅಲ್ಲಿವರೆಗೆ ನಡೆಯುವುದು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಡಾಕ್ಟರಿಂದ ಡಾಕ್ಟರಿಗೆ ಅಲೆಯುವ ಕತೆ. ನರದ ತೊಂದರೆ ಇರಬಹುದು, ಮಾತ್ರೆ ಕೊಡಿ. ಮಿದುಳಿನಲ್ಲಿ ಏನೋ ಇರಬಹುದು, ಎಕ್ಸ್‌ರೇ ತೆಗೆಯಿರಿ. ರಿಪೋರ್ಟ್ ಕ್ಲೀನ್. ಕೊನೆಗೆ ಒಂದು ಕೋಣೆ ತುಂಬ ಡಾಕ್ಟರುಗಳು ಕೂತು, ‘ದೆವ್ವ ಬಿಡಿಸುವ ಶಾಸ್ತ್ರ ಮಾಡಿಸಿ ನೋಡಿ, ಅವಳು ನಂಬಿದರೆ ಗುಣ ಆದೀತು’ ಅನ್ನುತ್ತಾರೆ. ಆ ತಾಯಿಗೆ ದೇವರ ಮೇಲೆ ನಂಬಿಕೆಯೇ ಇಲ್ಲ.

ಕಂಕನಾಡಿ, ಮಣಿಪಾಲ ಅಂತ ಆಸ್ಪತ್ರೆಗಳಿಗೆ ಫೈಲು ಹಿಡಿದು ತಿರುಗಿದವರಿಗೆ ಈ ಭಾಗ ಬೋರಾಗುವುದಿಲ್ಲ. ನನ್ನ ಗೆಳತಿಯೊಬ್ಬಳು ಆಸ್ಪತ್ರೆಯಲ್ಲಿ ನರ್ಸ್. ಹುಡುಗಿಯ ತಲೆ ಹಿಂದಕ್ಕೆ ತಿರುಗುವ ದೃಶ್ಯ, ಹಸಿರು ವಾಂತಿ ಎಲ್ಲ ಚಕ್ಕುಲಿ ತಿನ್ನುತ್ತಾ ನೋಡಿದಳು. ಆದರೆ ಹುಡುಗಿಯ ಕತ್ತಿಗೆ ಸೂಜಿ ಚುಚ್ಚಿ, ರಕ್ತ ಚಿಮ್ಮಿ, ಯಂತ್ರ ಧಡಧಡ ಬಡಿಯುತ್ತಾ ಚಿತ್ರ ತೆಗೆಯುವ ದೃಶ್ಯ ಬಂದಾಗ ತಟ್ಟೆ ಕೆಳಗಿಟ್ಟಳು. ‘ಇದು ಮಾತ್ರ ಸುಳ್ಳಲ್ಲ ಮಾರಾಯ’ ಅಂದಳು. ಪೂರ್ತಿ ಸಿನಿಮಾದಲ್ಲಿ ನನಗೂ ಅದೇ ಕಷ್ಟದ ಜಾಗ.

ಅದಕ್ಕೇ, ‘ಜಗತ್ತಿನ ಅತಿ ಭಯಂಕರ ಸಿನಿಮಾ’ ಅಂತ ಹೇಳಿ ಜನ ಕರೆಯಬೇಡಿ. ಹಾಗೆ ಕರೆದರೆ ಮೊದಲ ನಿಮಿಷದಿಂದ ದೆವ್ವಕ್ಕೆ ಕಾಯುತ್ತಾರೆ. ‘ಮಗಳ ಕಾಯಿಲೆ ಎಂತದು ಅಂತ ಗೊತ್ತಾಗದ ತಾಯಿಯ ಕತೆ’ ಅನ್ನಿ. ನಾನು ಎರಡನೇ ಸಲ ಹಾಗೇ ಹೇಳಿದ್ದು. ಒಬ್ಬನೂ ಫೋನ್ ತೆಗೆಯಲಿಲ್ಲ.

ಯಾವ ಪ್ರತಿ ಅಂತ ಕೇಳಿದ್ದಿರಿ. 1973ರದ್ದು 122 ನಿಮಿಷ. 2000ದಲ್ಲಿ ಬಂದದ್ದು ಹತ್ತು ನಿಮಿಷ ಜಾಸ್ತಿ. ಹುಡುಗಿ ಜೇಡನ ಹಾಗೆ ಮೆಟ್ಟಿಲು ಇಳಿಯುವ ದೃಶ್ಯ ಈ ಎರಡನೆಯದರಲ್ಲಿ ಉಂಟು. ಮೊದಲ ಸಲ ನೋಡುವವರಿಗೆ ಹಳೆಯದೇ ಹಾಕಿ. ಹೊಸದರಲ್ಲಿ ಅಲ್ಲಲ್ಲಿ ಮುಖಗಳನ್ನು ಮೂಡಿಸಿ ‘ನೋಡಿ, ಹೆದರಿ’ ಅನ್ನುತ್ತಾರೆ, ನನಗೆ ಅದು ಬೇಡ ಅನಿಸಿತು. ಸಬ್‌ಟೈಟಲ್ ಇರುವ ಪ್ರತಿಯೇ ಆಗಲಿ.

ಸಬ್‌ಟೈಟಲ್ ಅಂದಾಗ ನೆನಪಾಯಿತು. ಮೊದಲ ಸಲ ಅರ್ಥ ಹೇಳುತ್ತಾ ಹೋಗುವಾಗ ನಾನು ‘ಭೂತ ಹಿಡಿದಿದೆ’ ಅಂದುಬಿಟ್ಟೆ. ಕಿನ್ನಿಗೋಳಿಯ ನಮ್ಮ ಮಾವ ತಕ್ಷಣ, ‘ಭೂತ ಅನ್ನಬೇಡ, ದೆವ್ವ ಅನ್ನು’ ಅಂದರು. ಸರಿಯಾದ ಮಾತು. ನಮ್ಮಲ್ಲಿ ಭೂತ ಅಂದರೆ ದೈವ, ಕೈಮುಗಿಯುವಂಥದ್ದು, ಕಟ್ಟಿಹಾಕುವಂಥದ್ದಲ್ಲ. ವರ್ಷಾ ವರ್ಷ ನೇಮ, ಅಂದರೆ ದೈವದ ಕೋಲ, ನೋಡಿದವರಿಗೆ ಮೈ ನಡುಗುವುದು, ದನಿ ಬದಲಾಗುವುದು ಹೊಸತಲ್ಲ. ನಾವು ದೈವದ ಎದುರು ನಿಂತು ಕಷ್ಟ ಹೇಳುತ್ತೇವೆ, ನುಡಿ ಕೇಳುತ್ತೇವೆ. ಸಿನಿಮಾದ ಪಾದ್ರಿ ಹಾಸಿಗೆ ಪಕ್ಕ ಕೂತು ‘ನೀನು ಯಾರು’ ಅಂತ ಕೇಳುವಾಗ ಮಾವ, ‘ಕೇಳುವ ಕ್ರಮವೇ ಸರಿ ಇಲ್ಲ, ಮೊದಲು ಒಂದು ಬೊಂಡ (ಎಳನೀರು) ಆದರೂ ಕೊಡಬೇಡವಾ’ ಅಂದರು. ನಗು ಬಂತು, ಆದರೆ ಇದು ಬೇರೆ ನಗು. ಸಿನಿಮಾ ಮುಗಿದ ಮೇಲೆ ಒಂದು ಗಂಟೆ ಚರ್ಚೆ ಆದದ್ದು ಅದರ ಮೇಲೆಯೇ.

ನಿಮ್ಮ ಪಕ್ಕದ ಮನೆಯ ಕ್ಯಾಥೊಲಿಕ್ ಕುಟುಂಬವನ್ನು ಕರೆಯಬಹುದಾ ಅಂತ ಕೇಳಿದ್ದಿರಿ. ದೊಡ್ಡವರನ್ನು ಕರೆಯಿರಿ, ಆದರೆ ಮೊದಲೇ ಹೇಳಿ. ಶಿಲುಬೆಯನ್ನು ಕೆಟ್ಟದಾಗಿ ಬಳಸುವ ಒಂದು ದೃಶ್ಯ ಉಂಟು, ಬೈಗುಳ ವಿಪರೀತ. ಹಾಗಂತ ಇದು ಚರ್ಚನ್ನು ಹೀಯಾಳಿಸುವ ಸಿನಿಮಾ ಅಲ್ಲ. ಬರೆದ ವಿಲಿಯಂ ಪೀಟರ್ ಬ್ಲಾಟಿ ಕ್ಯಾಥೊಲಿಕ್, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಭೆಯ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಸಿನಿಮಾದಲ್ಲಿ ಫಾದರ್ ಡೈಯರ್ ಎಂಬ ಪಾದ್ರಿಯ ಪಾತ್ರ ಮಾಡಿದವರು ನಿಜವಾದ ಜೆಸ್ವಿಟ್ ಪಾದ್ರಿ. ನಮ್ಮ ಮಂಗಳೂರು ಬಾವುಟಗುಡ್ಡೆಯ ಅಲೋಶಿಯಸ್ ಕಾಲೇಜು ನಡೆಸುವುದೂ ಅದೇ ಸಭೆಯವರು. ಕತೆಯ ಫಾದರ್ ಕ್ಯಾರಸ್ ಮನೋವೈದ್ಯರೂ ಹೌದು. ತಾಯಿ ದೆವ್ವ ಬಿಡಿಸಿ ಅಂತ ಕೇಳಿದಾಗ, ಅದಕ್ಕೆ ಹದಿನಾರನೇ ಶತಮಾನಕ್ಕೆ ಹೋಗಬೇಕಾದೀತು ಅನ್ನುತ್ತಾರೆ. ಬಿಷಪ್ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ. ನನ್ನ ಮನೆಗೆ ಬಂದಿದ್ದ ಕೊಂಕಣಿ ಮಾತಾಡುವ ಹಿರಿಯರೊಬ್ಬರು ಶಿಲುಬೆಯ ದೃಶ್ಯಕ್ಕೆ ಸಿಟ್ಟಾದರು, ಆದರೆ ಕೊನೆಯವರೆಗೂ ಏಳಲಿಲ್ಲ. ಹೋಗುವಾಗ ಕ್ಯಾರಸ್ ಬಗ್ಗೆ ಮಾತ್ರ ಮಾತಾಡಿದರು. ನಂಬಿಕೆ ಕಳಕೊಂಡ ಪಾದ್ರಿ, ಮುದಿ ತಾಯಿಯನ್ನು ನೋಡಿಕೊಳ್ಳಲು ಆಗಲಿಲ್ಲ ಅಂತ ಕೊರಗುವವನು.

ಮಕ್ಕಳು ಬೇಡವೇ ಬೇಡ. ಹದಿನೆಂಟು ಆಗದವರನ್ನು ಅಜ್ಜಿ ಮನೆಗೆ ಕಳಿಸಿ. ಮನೆಯಲ್ಲಿ ಹುಷಾರಿಲ್ಲದ ಮಗು ಇರುವವರನ್ನೂ ಈ ಸಲ ಕರೆಯಬೇಡಿ ಅನ್ನುತ್ತೇನೆ.

ತಿಂಡಿಗೆ ಗೋಳಿಬಜೆ ಸಾಕು. ಹಸಿರು ಚಟ್ನಿ ಮಾಡಬೇಡಿ. ಆ ವಾಂತಿ ಬಟಾಣಿ ಸೂಪಿನದ್ದು, ನೋಡಿದ ಮೇಲೆ ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಒಂದು ಬಟ್ಟಲು ಹಾಗೇ ಉಳಿದಿತ್ತು.

ಸ್ಪೀಕರಿಗೆ ಉದ್ದದ ವೈರ್ ಇಲ್ಲದಿದ್ದರೆ ಹೇಳಿ, ನನ್ನ ಹತ್ತಿರ ಹತ್ತು ಮೀಟರಿನದ್ದು ಉಂಟು. ಶನಿವಾರ ಸಂಜೆ ಆ ಕಡೆ ಬರುವುದಿದೆ, ತಂದು ಕೊಡುತ್ತೇನೆ.